ಹೊಳೆಗೆ ಮೀನು ಬಿಡುವ ಪುಣ್ಯ ಇನ್ನು ಸಾಕು

ಹೊಳೆಗೆ ಮೀನು ಮರಿ ಬಿಡುವ ಫೋಟೋ ನೀವೂ ನೋಡಿರುತ್ತೀರಿ. ನಾಲ್ಕೈದು ಮಂದಿ ಹೊಳೆಬದಿಯಲ್ಲಿ ನಿಂತಿರುತ್ತಾರೆ. ಒಬ್ಬರ ಕೈಯಲ್ಲಿ ಗಾಳಿ ತುಂಬಿದ ಪ್ಲಾಸ್ಟಿಕ್ ತೊಟ್ಟೆ, ಇನ್ನೊಬ್ಬರ ಕೈಯಲ್ಲಿ ಬಕೆಟ್. ಮರಿಗಳು ನೀರಿಗೆ ಬೀಳುತ್ತಿರುತ್ತವೆ, ಮುಖಗಳು ಮಾತ್ರ ಕ್ಯಾಮೆರಾ ಕಡೆಗೆ. ಕೆಳಗೆ ಒಂದು ಸಾಲು: ‘ಮತ್ಸ್ಯ ಸಂಪತ್ತಿನ ವೃದ್ಧಿಗೆ ಮೀನು ಮರಿ ಬಿತ್ತನೆ’. ಗ್ರೂಪಿನಲ್ಲಿ ಕೈಮುಗಿದ ಚಿಹ್ನೆಗಳ ಸಾಲು. ಯಾರೂ ಕೇಳದ ಪ್ರಶ್ನೆ ಒಂದೇ: ಆ ಬಕೆಟಿನಲ್ಲಿ ಇದ್ದದ್ದು ಯಾವ ಮೀನು?

ಹೊಳೆಗೆ ಮೀನು ಬಿಡುವುದು ಒಳ್ಳೆಯ ಕೆಲಸ ಎಂದು ನಮಗೆ ಯಾರೋ ಕಲಿಸಿದ್ದಾರೆ. ಗಿಡ ನೆಟ್ಟ ಹಾಗೆ, ಹಕ್ಕಿಗೆ ನೀರಿಟ್ಟ ಹಾಗೆ. ನನ್ನ ವಾದ ಇದಕ್ಕೆ ಪೂರ್ತಿ ಉಲ್ಟಾ. ಕುಮಾರಧಾರೆಗೆ, ಪಯಸ್ವಿನಿಗೆ, ಗೌರಿಹೊಳೆಗೆ ಆ ಹೊಳೆಯದ್ದಲ್ಲದ ಮೀನು ಬಿಡುವುದು ಪುಣ್ಯವಲ್ಲ, ಹಾನಿ. ಸೆಖೆ ಏರುತ್ತಿರುವ, ಮಳೆ ಲೆಕ್ಕ ತಪ್ಪಿರುವ ಈ ಕಾಲದಲ್ಲಂತೂ ಅದು ಸರಿಪಡಿಸಲಾಗದ ಹಾನಿ. ಪುತ್ತೂರು, ಸುಳ್ಯ, ಕಡಬ ಮೂರೂ ತಾಲೂಕುಗಳಲ್ಲಿ ಇದು ನಿಲ್ಲಬೇಕು. ನಿಲ್ಲಿಸುವ ಶಕ್ತಿ ದಿಲ್ಲಿಯಲ್ಲಿ ಇಲ್ಲ, ನಮ್ಮ ಗ್ರಾಮಸಭೆಯಲ್ಲಿ ಉಂಟು.

ಯಾರು, ಎಲ್ಲಿಂದ ಬಂದವರು?

ಮೊದಲು ಬಂದವರ ಪರಿಚಯ ಆಗಲಿ.

ಜಿಲೇಬಿ ಮೀನು ಎಂದು ಕರೆಯುವ ತಿಲಾಪಿಯ ಆಫ್ರಿಕದ್ದು. ಭಾರತಕ್ಕೆ ಬಂದದ್ದು 1952ರಲ್ಲಿ. ಕೆರೆಗಳಲ್ಲಿ ಮೀನು ಹೆಚ್ಚಿಸಲು ಎಂದು ತಂದರು. ಕಾಮನ್ ಕಾರ್ಪ್ ಅಥವಾ ಸಾಮಾನ್ಯ ಗೆಂಡೆ 1939ರಲ್ಲಿ ಒಮ್ಮೆ, 1957ರಲ್ಲಿ ಇನ್ನೊಮ್ಮೆ ಬಂತು. ಹುಲ್ಲು ಗೆಂಡೆ, ಬೆಳ್ಳಿ ಗೆಂಡೆ 1959ರಲ್ಲಿ ಬಂದವು. ಸೊಳ್ಳೆ ಮರಿ ತಿನ್ನಲಿ ಎಂದು ಗಂಬೂಸಿಯ ಎಂಬ ಸಣ್ಣ ಮೀನನ್ನು 1928ರಲ್ಲೇ ಇಟಲಿಯಿಂದ ತರಿಸಿದ್ದರು. ಅಂಗಡಿಗಳಲ್ಲಿ ‘ರೂಪಚಂದ್’ ಎಂದು ಮಾರುವ, ಹೊಟ್ಟೆ ಕೆಂಪಗಿರುವ ಮೀನು ದಕ್ಷಿಣ ಅಮೆರಿಕದ್ದು. ಗಾಜಿನ ಪೆಟ್ಟಿಗೆಯ ಗೋಡೆಗೆ ಬಾಯಿ ಅಂಟಿಸಿಕೊಂಡಿರುವ ಕಪ್ಪು ಮೀನೂ ಅಲ್ಲಿಯದ್ದೇ.

ಇನ್ನು ಆಫ್ರಿಕನ್ ಕ್ಯಾಟ್‌ಫಿಶ್. ನಮ್ಮ ಗದ್ದೆಯ ಮುಗುಡಿನ ದೂರದ ದಾಯಾದಿ, ಆದರೆ ಗಾತ್ರವೂ ಹಸಿವೂ ಬೇರೆಯೇ. ಮೀನು, ಕಪ್ಪೆ, ಹುಳ, ಕೊಳೆತದ್ದು, ಏನು ಸಿಕ್ಕಿದರೂ ತಿನ್ನುತ್ತದೆ. ಇದನ್ನು ಸಾಕಬಾರದು, ಇದ್ದದ್ದನ್ನು ನಾಶ ಮಾಡಬೇಕು ಎಂದು ಕೇಂದ್ರ ಕೃಷಿ ಸಚಿವಾಲಯ 1997ರಲ್ಲೇ ಹೇಳಿತು. ಸಾಕಣೆ ನಿಲ್ಲದ್ದರಿಂದ 2018ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಮತ್ತೆ ಆದೇಶ ಕೊಡಬೇಕಾಯಿತು. ಇಪ್ಪತ್ತು ವರ್ಷದ ನಿಷೇಧದ ನಂತರವೂ ಇನ್ನೊಂದು ಆದೇಶ ಬೇಕಾಗಿದ್ದರೆ, ಕಾಗದದ ಮೇಲಿನ ನಿಷೇಧದ ಬೆಲೆ ಎಷ್ಟು ಎಂದು ನೀವೇ ಲೆಕ್ಕ ಹಾಕಿ.

ಇವು ವಿದೇಶದವು. ಆದರೆ ಇಲ್ಲಿ ಇನ್ನೊಂದು ಪಟ್ಟಿ ಸೇರಬೇಕು. ಅದನ್ನು ಹೇಳಿದರೆ ಕೆಲವರಿಗೆ ಸಿಟ್ಟು ಬರಬಹುದು. ಕಾಟ್ಲಾ, ರೋಹು, ಮೃಗಾಲ್. ಮೂರೂ ಭಾರತದ್ದೇ. ಆದರೆ ಗಂಗೆ, ಬ್ರಹ್ಮಪುತ್ರದಂಥ ಉತ್ತರದ ದೊಡ್ಡ ನದಿಗಳ ಬಯಲಿನವು. ಘಟ್ಟದಿಂದ ಇಳಿದು ನೂರೋ ನೂರೈವತ್ತೋ ಕಿಲೋಮೀಟರ್ ಓಡಿ ಸಮುದ್ರ ಸೇರುವ ನಮ್ಮ ಹೊಳೆಗಳಿಗೆ ಅವು ತಿಲಾಪಿಯದಷ್ಟೇ ಹೊರಗಿನವು. ರಾಜ್ಯದ ಕೆರೆ, ಜಲಾಶಯಗಳಿಗೆ ವರ್ಷ ವರ್ಷ ಬಿಡುವ ಮರಿಗಳಲ್ಲಿ ಇವುಗಳದ್ದೇ ದೊಡ್ಡ ಪಾಲು. ಬಯಲುಸೀಮೆಯ ಕೆರೆಗೆ ಮಾಡಿದ ಲೆಕ್ಕವನ್ನು ಹರಿಯುವ ಹೊಳೆಗೂ ಹಾಕಿದರೆ ಆಗುವ ಅನಾಹುತವೇ ಈ ಲೇಖನದ ವಿಷಯ.

ಮೀನಿಗೆ ದೇಶದ ಗಡಿ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಹೊಳೆಯ ಗಡಿ.

ಘಟ್ಟದ ಆಚೆ ಬದಿಯ ಪಾಠ

‘ನಮ್ಮದೇ ದೇಶದ ಮೀನು, ಅದರಿಂದ ಏನು ತೊಂದರೆ?’ ಎಂದು ಕೇಳುವವರು ಕಾವೇರಿಯ ಕಥೆ ಕೇಳಬೇಕು. ಅದು ಆಫ್ರಿಕದಲ್ಲಿ ಆದದ್ದಲ್ಲ. ಸುಳ್ಯದಿಂದ ಸಂಪಾಜೆ ಘಾಟಿ ಹತ್ತಿದರೆ ಸಿಗುವ ಜಿಲ್ಲೆಯಲ್ಲಿ ಹುಟ್ಟುವ ನದಿಯಲ್ಲಿ ಆದದ್ದು.

ಕಾವೇರಿಯಲ್ಲಿ ಒಂದು ಮಹಶೀರ್ ಇತ್ತು. ಬೆನ್ನು ಗೂನು, ರೆಕ್ಕೆ ಕಿತ್ತಳೆ ಬಣ್ಣ. ಜಗತ್ತಿನಲ್ಲಿ ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. 1946ರಲ್ಲಿ ಮೈಸೂರು ಸೀಮೆಯಲ್ಲಿ ಗಾಳಕ್ಕೆ ಸಿಕ್ಕಿದ ಒಂದು ಮೀನು 120 ಪೌಂಡ್, ಅಂದರೆ ಸುಮಾರು 54 ಕಿಲೋ ಇತ್ತು. ಒಬ್ಬ ಮನುಷ್ಯನ ತೂಕ!

ಅಣೆಕಟ್ಟು, ಡೈನಮೈಟು, ಮರಳು ತೆಗೆಯುವುದು, ಎಲ್ಲ ಸೇರಿ ಮಹಶೀರ್ ಕಮ್ಮಿಯಾಯಿತು. ಆಗ ಒಳ್ಳೆಯ ಮನಸ್ಸಿನಿಂದಲೇ ಒಂದು ಪರಿಹಾರ ಹುಡುಕಿದರು. ಮಹಾರಾಷ್ಟ್ರದ ಲೋನಾವಳದ ಹ್ಯಾಚರಿಯಲ್ಲಿ 1970ರ ದಶಕದಿಂದ ಇನ್ನೊಂದು ಜಾತಿಯ ಮಹಶೀರ್ ಮರಿ ಬೆಳೆಸುತ್ತಿದ್ದರು. ಅದರ ರೆಕ್ಕೆ ನೀಲಿ, ಮೂಲ ಕೃಷ್ಣಾ ನದಿಯ ಕಡೆ. ಆ ಮರಿಗಳು ಕಾವೇರಿಗೂ ಬಂದವು. ‘ಮಹಶೀರ್ ಅಂದರೆ ಮಹಶೀರ್ ತಾನೆ’ ಎಂಬುದು ಆಗಿನ ಯೋಚನೆ.

ಏನಾಯಿತು? ನೀಲಿ ರೆಕ್ಕೆಯದ್ದು ನೆಲೆ ಊರಿತು, ಹೆಚ್ಚಿತು. ಕಿತ್ತಳೆ ರೆಕ್ಕೆಯ ಗೂನುಬೆನ್ನಿನದ್ದು ಕರಗಿತು. ಗಾಳ ಹಾಕಿ ಮೀನು ಹಿಡಿದು, ತೂಕ ಬರೆದು ವಾಪಸ್ ಬಿಡುತ್ತಿದ್ದ ಶಿಬಿರಗಳ 1998ರಿಂದ 2012ರವರೆಗಿನ ಲೆಕ್ಕವನ್ನು ಏಡ್ರಿಯನ್ ಪಿಂಡರ್, ಕೇರಳದ ರಾಜೀವ್ ರಾಘವನ್ ಮೊದಲಾದ ಮೀನು ವಿಜ್ಞಾನಿಗಳು ತೆಗೆದು ನೋಡಿದಾಗ ಇದು ಸ್ಪಷ್ಟವಾಯಿತು. ಹೊಳೆಯಲ್ಲಿ ಒಟ್ಟು ಮಹಶೀರ್ ಹೆಚ್ಚಾಗಿತ್ತು, ಕಾವೇರಿಯ ಮಹಶೀರ್ ಮಾತ್ರ ಮುಗಿಯುತ್ತಾ ಬಂದಿತ್ತು. ದೂರದಿಂದ ನೋಡಿದವರಿಗೆ ಎಲ್ಲ ಚೆನ್ನಾಗಿಯೇ ಕಂಡಿತ್ತು.

ಇನ್ನೂ ಬೇಸರದ ವಿಷಯ ಕೇಳಿ. ಈ ಗೂನುಬೆನ್ನಿನ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಗಟ್ಟಿಯಾದದ್ದೇ 2018ರಲ್ಲಿ, ಟಾರ್ ರೆಮಾದೇವಿ ಎಂದು. ಅದೇ ವರ್ಷ ಅದು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಜಾಗತಿಕ ಪಟ್ಟಿಗೂ ಸೇರಿತು. ನಾಮಕರಣ, ಮರಣಶಯ್ಯೆ ಎರಡೂ ಒಂದೇ ವರ್ಷ. ಬಕೆಟಿನಲ್ಲಿ ಯಾವ ಮೀನಿದೆ ಎಂದು ಕೇಳದಿದ್ದರೆ ಹೀಗಾಗುತ್ತದೆ.

ಈಗ ನಮ್ಮ ಕಡೆಗೆ ಬನ್ನಿ. ತೊಡಿಕಾನದ ಮಲ್ಲಿಕಾರ್ಜುನ ದೇವಸ್ಥಾನದ ಹತ್ತಿರದ ಗುಂಡಿಯಲ್ಲಿ, ಏನೆಕಲ್ಲಿನಲ್ಲಿ, ಪಕ್ಕದ ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ ದೇವರ ಮೀನು ಎಂದು ನಾವು ಉಳಿಸಿಕೊಂಡು ಬಂದದ್ದು ಮಹಶೀರ್ ಕುಲವನ್ನೇ. ಯಾವ ಇಲಾಖೆಯೂ ಹೇಳುವ ಮೊದಲೇ, ಯಾವ ಕಾಯ್ದೆಯೂ ಬರುವ ಮೊದಲೇ, ನಮ್ಮ ಹಿರಿಯರು ‘ಇಲ್ಲಿ ಗಾಳ ಹಾಕಬಾರದು’ ಎಂದು ಗೆರೆ ಎಳೆದಿದ್ದರು. ‘ದೇವರ ಮೀನು ಕಮ್ಮಿಯಾಗಿದೆ, ಹೊರಗಿನಿಂದ ಮರಿ ತಂದು ಬಿಡುವ’ ಎಂದು ನಾಳೆ ಯಾರಾದರೂ ಹೊರಟರೆ, ಅವರ ಕೈ ಹಿಡಿದು ಕಾವೇರಿಯ ಕಥೆ ಹೇಳಿ.

ಸೆಖೆ ಯಾರ ಪಕ್ಷ?

ಇನ್ನು ಹವಾಮಾನದ ವಿಷಯ. ಇಡೀ ಜಗತ್ತಿಗೂ ಭಾರತಕ್ಕೂ ದಾಖಲೆ ಇಟ್ಟಂದಿನಿಂದ ಅತಿ ಬಿಸಿಯಾದ ವರ್ಷ 2024. ನಮ್ಮ ತೋಟದ ಕೆರೆಗೂ ಅದು ಗೊತ್ತಾಗಿದೆ.

ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಮ್ಮಿ. 20 ಡಿಗ್ರಿ ಇರುವ ಒಂದು ಲೀಟರ್ ನೀರು ಸುಮಾರು 9.1 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿ ಆದರೆ ಸುಮಾರು 7.6. ಆರರಲ್ಲಿ ಒಂದು ಪಾಲು ಹೋಯಿತು. ಅದೇ ಹೊತ್ತಿಗೆ ಮೀನಿನ ದೇಹಕ್ಕೆ ಉಸಿರು ಹೆಚ್ಚು ಬೇಕಾಗುತ್ತದೆ. ಬಿಸಿಲಲ್ಲಿ ಅಡಿಕೆ ಹೊರೆ ಹೊತ್ತು ಗುಡ್ಡ ಹತ್ತುವವನ ಬಾಯಿಗೆ ಬಟ್ಟೆ ಕಟ್ಟಿದ ಹಾಗೆ.

ಇದರಲ್ಲಿ ಸೋಲುವವರು ಯಾರು? ತಣ್ಣಗೆ, ಕಲ್ಲಿನ ಮೇಲೆ ಜಿಗಿದು ಹರಿಯುವ ನೀರಿಗೆ ಒಗ್ಗಿದ ಮಹಶೀರ್, ಘಟ್ಟದ ತೋಡುಗಳ ಸಣ್ಣ ಮೀನುಗಳು. ಗೆಲ್ಲುವವರು ಯಾರು? ನೀರು ಬಿಸಿಯಾದರೂ, ಕದಡಿದರೂ, ಉಪ್ಪಾದರೂ ತಾಳಿಕೊಳ್ಳುವ ತಿಲಾಪಿಯ. ಅದು ಮೊಟ್ಟೆಯನ್ನು ಬಾಯಿಯಲ್ಲೇ ಇಟ್ಟು ಮರಿ ಮಾಡುತ್ತದೆ, ಅಂಗೈಯಷ್ಟು ಬೆಳೆಯುವ ಮೊದಲೇ ಸಂತಾನ ಶುರು, ವರ್ಷಕ್ಕೆ ಹಲವು ಸಲ. ನೀರಿನಲ್ಲಿ ಆಮ್ಲಜನಕ ಮುಗಿದರೆ ಮೇಲೆ ಬಂದು ಗಾಳಿಯನ್ನೇ ಕುಡಿಯುವ ಆಫ್ರಿಕನ್ ಕ್ಯಾಟ್‌ಫಿಶ್ ಕೂಡ ಗೆಲ್ಲುವವರ ಸಾಲಿನಲ್ಲೇ.

ಮಾರ್ಚ್, ಏಪ್ರಿಲಿನಲ್ಲಿ ನಮ್ಮ ಹೊಳೆಗಳು ಹೊಳೆಗಳಾಗಿ ಇರುವುದಿಲ್ಲ. ಎರಡೂ ದಡದಿಂದ ತೋಟಗಳಿಗೆ ಪಂಪು ಎಳೆದ ಮೇಲೆ ಅಲ್ಲೊಂದು ಇಲ್ಲೊಂದು ಗುಂಡಿ ಉಳಿಯುತ್ತದೆ. ಇಡೀ ಹೊಳೆಯ ಮೀನು ಆ ನಾಲ್ಕು ಗುಂಡಿಗಳಲ್ಲಿ ಜೀವ ಹಿಡಿದುಕೊಂಡಿರುತ್ತದೆ. ಮುಂದಿನ ಮಳೆಗಾಲಕ್ಕೆ ಬೀಜ ಅದೇ. ಆ ಗುಂಡಿಯೊಳಗೆ ಯಾವುದೂ ಬಿಡದೆ ತಿನ್ನುವ, ಯಾವುದಕ್ಕೂ ಸಾಯದ ಒಂದು ಮೀನು ಸೇರಿಕೊಂಡರೆ? ಮಳೆ ಬರುವಾಗ ಗುಂಡಿಯಿಂದ ಹೊರಟು ಹೊಳೆ ತುಂಬುವುದು ಯಾರ ಸಂತಾನ?

ನೆರೆ ಬಾಗಿಲು ತೆರೆಯಿತು, ಒಳಗೆ ಕಟ್ಟಿ ಹಾಕಿದವರು ಯಾರು?

ಮಧ್ಯ ಭಾರತದಲ್ಲಿ 1950ರಿಂದ 2015ರ ಒಳಗೆ ವ್ಯಾಪಕ ಅತಿವೃಷ್ಟಿಯ ಘಟನೆಗಳು ಮೂರು ಪಟ್ಟಾದವು, ಅರಬ್ಬಿ ಸಮುದ್ರದ ಕಡೆಯಿಂದ ಬರುವ ತೇವದ ಏರಿಳಿತವೇ ಅದಕ್ಕೆ ಕಾರಣ ಎಂದು ಹವಾಮಾನ ವಿಜ್ಞಾನಿ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2017ರಲ್ಲಿ ತೋರಿಸಿದರು. ನಮಗೆ ಅದಕ್ಕೆ ಅಧ್ಯಯನ ಓದಬೇಕಾಗಿಲ್ಲ. 2018ರ ಆಗಸ್ಟಿನಲ್ಲಿ ಜೋಡುಪಾಲದ ಗುಡ್ಡ ಜಾರಿ ಪಯಸ್ವಿನಿಯಲ್ಲಿ ಕೆಸರು ಹರಿದದ್ದು, 2022ರ ಆಗಸ್ಟಿನಲ್ಲಿ ಹರಿಹರ ಪಲ್ಲತ್ತಡ್ಕ, ಕೊಲ್ಲಮೊಗ್ರು, ಸುಬ್ರಹ್ಮಣ್ಯದಲ್ಲಿ ಒಂದೇ ರಾತ್ರಿಗೆ ಹೊಳೆ ಅಂಗಳಕ್ಕೆ ಬಂದದ್ದು ಯಾರೂ ಮರೆತಿಲ್ಲ.

ಅಂಥ ನೆರೆ ಬಂದಾಗ ಹೊಳೆಬದಿಯ ಕೆರೆ, ಕೃಷಿ ಹೊಂಡ, ಟಾರ್ಪಾಲು ಹಾಸಿದ ಟ್ಯಾಂಕಿ ಎಲ್ಲ ಹೊಳೆಯೇ ಆಗುತ್ತವೆ. ಅದರಲ್ಲಿದ್ದ ಮೀನು ಎಲ್ಲಿಗೆ ಹೋಗುತ್ತದೆ? 2018ರ ಮಹಾ ನೆರೆ ಇಳಿದ ಮೇಲೆ ಕೇರಳದವರಿಗೆ ಉತ್ತರ ಸಿಕ್ಕಿತು. ಅಲ್ಲಿನ ಹೊಳೆಗಳಲ್ಲಿ ಬಲೆ ಹಾಕಿದವರಿಗೆ ಅಮೆಜಾನಿನ ಅರಪೈಮಾ ಸಿಕ್ಕಿತು. ಉತ್ತರ ಅಮೆರಿಕದ, ಮೊಸಳೆ ಮೂತಿಯ ಗಾರ್ ಮೀನು ಸಿಕ್ಕಿತು. ಅವೇನು ಸಮುದ್ರ ಈಜಿ ಬಂದವಲ್ಲ. ಯಾರದೋ ಹಿತ್ತಲಿನ ಕೆರೆಯಲ್ಲಿ, ಚಂದಕ್ಕೆಂದು ಸಾಕಿದವು.

‘ನೆರೆಗೆ ಹೋಯಿತು ಮಾರಾಯ್ರೆ, ನಾವೇನು ಮಾಡುವುದು?’ ಎಂಬ ಮಾತು ನನಗೆ ಒಪ್ಪಿಗೆಯಿಲ್ಲ. ನೆರೆ ಬಾಗಿಲು ತೆರೆಯಿತು, ನಿಜ. ಬಾಗಿಲ ಹಿಂದೆ ಆ ಮೀನನ್ನು ಇಟ್ಟದ್ದು ನೆರೆಯಲ್ಲ. ಹವಾಮಾನ ಬದಲಾವಣೆಯನ್ನು ಸುಳ್ಯದಲ್ಲಿ ಕೂತು ನಿಲ್ಲಿಸಲು ಆಗದು. ಕಲ್ಲಿದ್ದಲು ಸುಡುವುದು ನಿಲ್ಲಿಸುವ ಸ್ವಿಚ್ ನಮ್ಮ ಪಂಚಾಯತ್ ಕಟ್ಟಡದಲ್ಲಿ ಇಲ್ಲ. ಆದರೆ ಹೊಳೆಯ ಅಂಚಿನಲ್ಲಿ ಯಾವ ಮೀನು ಸಾಕಬೇಕು ಎಂಬುದು ನೂರಕ್ಕೆ ನೂರು ನಮ್ಮ ಕೈಯಲ್ಲಿದೆ. ಕೈಯಲ್ಲಿರುವುದನ್ನು ಬಿಟ್ಟು ಕೈಯಲ್ಲಿಲ್ಲದ್ದಕ್ಕೆ ಬೈಯುವುದು ಸುಲಭ, ಅಷ್ಟೆ.

ಮಳೆಯ ದಿನ ತಪ್ಪಿದ್ದರಿಂದ ಇನ್ನೊಂದು ಪೆಟ್ಟೂ ಉಂಟು. ಮೊದಲ ದೊಡ್ಡ ಮಳೆಗೆ ಹೊಳೆಯ ಮೀನು ತೋಡು ಹತ್ತಿ ಗದ್ದೆಗೆ ಬಂದು ಮೊಟ್ಟೆ ಇಡುತ್ತದೆ. ತುಳುವಿನಲ್ಲಿ ಉಬರ್, ಘಟ್ಟದ ಮೇಲಿನವರಿಗೆ ಹತ್ತುಮೀನು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಸಮುದ್ರಕ್ಕೆ ಇಳಿಯುವುದಿಲ್ಲ, ಬಂಗುಡೆ ರೇಟು ಕೇಳುವ ಹಾಗಿರುವುದಿಲ್ಲ. ಆ ಹೊತ್ತಿಗೆ ಬಡವರ ಅನ್ನಕ್ಕೆ ಸಾರು ಕೊಡುತ್ತಿದ್ದದ್ದು ಈ ಮೀನು. ಈಗ ಮೊದಲ ಮಳೆ ಎಂದು ಬರುತ್ತದೋ ಗೊತ್ತಿಲ್ಲ. 2025ರಲ್ಲಿ ಮುಂಗಾರು ಕೇರಳಕ್ಕೆ ಬಂದದ್ದು ಮೇ 24ಕ್ಕೆ, ವಾಡಿಕೆಗಿಂತ ಎಂಟು ದಿನ ಮೊದಲು. ಬೇಗ ಬಂದ ಮಳೆ ನಡುವೆ ಕೈಕೊಟ್ಟರೆ ಹತ್ತಿದ ಮೀನು ತೋಡಿನಲ್ಲೇ ಒಣಗುತ್ತದೆ. ಹತ್ತಲು ಗದ್ದೆಯಾದರೂ ಎಲ್ಲಿದೆ? ಹೆಚ್ಚಿನದ್ದಕ್ಕೆ ಮಣ್ಣು ತುಂಬಿ ಅಡಿಕೆ ಸಸಿ ನೆಟ್ಟಾಗಿದೆ. ವರ್ಷಕ್ಕೆ ಒಂದೇ ಸಲ, ಮಳೆ ನಂಬಿ ಮೊಟ್ಟೆ ಇಡುವ ನಮ್ಮ ಮೀನು ಒಂದು ಕಡೆ. ಮಳೆಯನ್ನು ಕಾಯದ, ವರ್ಷಕ್ಕೆ ಹಲವು ಸಲ ಮರಿ ಮಾಡುವ ತಿಲಾಪಿಯ ಇನ್ನೊಂದು ಕಡೆ. ಪಂದ್ಯ ಯಾರದ್ದು ಎಂದು ಹೇಳಬೇಕಾಗಿಲ್ಲ.

ನಿಂತ ನೀರಿನ ಲಾಭ

ಕಿಂಡಿ ಅಣೆಕಟ್ಟು ಬೇಡ ಎಂದು ನಾನು ಹೇಳುವುದಿಲ್ಲ. ಸುಳ್ಯ ಪೇಟೆಗೆ ಕುಡಿಯುವ ನೀರು ಬೇಕು, ತೋಟಕ್ಕೂ ಬೇಕು. ಆದರೆ ಲೆಕ್ಕ ಪೂರ್ತಿ ಇರಲಿ. ಪಯಸ್ವಿನಿಗೆ ನಾಗಪಟ್ಟಣದಲ್ಲಿ, ನೇತ್ರಾವತಿಗೆ ಬಿಳಿಯೂರಿನಲ್ಲಿ ಕಟ್ಟಿದ ಹಾಗೆ ಅಣೆಕಟ್ಟು ಕಟ್ಟಿ ಹಲಗೆ ಇಳಿಸಿದಾಗ ಓಡುವ ಹೊಳೆ ಕೆಲವು ತಿಂಗಳು ಕೆರೆಯಾಗುತ್ತದೆ. ಕೆರೆಯ ನೀರು ಬಿಸಿಲಿಗೆ ಬೇಗ ಬಿಸಿಯಾಗುತ್ತದೆ. ತಿಲಾಪಿಯಕ್ಕೆ, ಗೆಂಡೆಗೆ ಬೇಕಾದದ್ದು ಇದೇ. ಮಹಶೀರಿಗೆ ಬೇಡದ್ದೂ ಇದೇ.

ನಮ್ಮ ಹಿಂದಿನವರ ಕಲ್ಲು, ಮಣ್ಣಿನ ಕಟ್ಟಗಳಿಗೂ ಇದಕ್ಕೂ ವ್ಯತ್ಯಾಸವಿದೆ. ಕಟ್ಟದಲ್ಲಿ ಅಲ್ಲಲ್ಲಿ ನೀರು ಜಿನುಗುತ್ತಿತ್ತು, ಮೊದಲ ಮಳೆಗೆ ಅದೇ ಕೊಚ್ಚಿ ಹೋಗುತ್ತಿತ್ತು, ಮೀನಿಗೆ ದಾರಿ ತಾನಾಗಿ ಬಿಡುತ್ತಿತ್ತು. ಕಾಂಕ್ರೀಟು ಹಾಗೆ ಬಿಡುವುದಿಲ್ಲ. ಮಳೆ ಬೇಗ ಬಂದ ವರ್ಷ ಹಲಗೆ ತೆಗೆಯಲು ತಡವಾದರೆ ಹತ್ತುವ ಮೀನು ಗೋಡೆಗೆ ತಲೆ ಬಡಿದುಕೊಳ್ಳುತ್ತದೆ.

ಹೀಗೆ ನಿಂತ ನೀರು ಕಂಡ ಕೂಡಲೇ ‘ಇಲ್ಲಿ ಮೀನು ಬಿಡಬಹುದಲ್ಲ’ ಎಂಬ ಯೋಜನೆ ಹುಟ್ಟುತ್ತದೆ. ಒಂದು ಕೈಯಲ್ಲಿ ನಮ್ಮ ಮೀನಿನ ದಾರಿ ಮುಚ್ಚಿ, ಇನ್ನೊಂದು ಕೈಯಲ್ಲಿ ಹೊರಗಿನದ್ದಕ್ಕೆ ಚಪ್ಪರ ಹಾಕುವುದು ಅಂದರೆ ಇದು.

ಕಾನೂನಿನ ಕುರುಡು

ದೇಶದಲ್ಲಿ ಕಾನೂನು ಇಲ್ಲವೇ? ಉಂಟು. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಆಕ್ರಮಣಕಾರಿ ಹೊರಗಿನ ಜೀವಿಗಳ ಆಮದು, ಮಾರಾಟ, ಸಾಕಣೆಯನ್ನು ನಿಯಂತ್ರಿಸುವ ಅಧಿಕಾರವನ್ನು ಅದು ಕೇಂದ್ರಕ್ಕೆ ಕೊಟ್ಟಿದೆ. ಒಳ್ಳೆಯದು. ಆದರೆ ‘ಹೊರಗಿನದು’ ಎಂದರೆ ಏನು? ಕಾಯ್ದೆಯ ಪ್ರಕಾರ ಭಾರತದ ಮೂಲದ್ದಲ್ಲದ್ದು ಮಾತ್ರ. ಹಾಗಾದರೆ ಗಂಗೆಯ ಕಾಟ್ಲಾ ಕುಮಾರಧಾರೆಯಲ್ಲಿ ಹೊರಗಿನದಲ್ಲ. ಕೃಷ್ಣೆಯ ನೀಲಿ ರೆಕ್ಕೆಯ ಮಹಶೀರ್ ಕಾವೇರಿಯಲ್ಲಿ ಹೊರಗಿನದಲ್ಲ. ಕಾವೇರಿಯನ್ನು ಹಾಳು ಮಾಡಿದ ತಪ್ಪು ಈ ಕಾನೂನಿನ ಕಣ್ಣಿಗೆ ಇವತ್ತಿಗೂ ತಪ್ಪಲ್ಲ!

ಇನ್ನೊಂದು ಕಡೆ, ಮೀನು ಸಾಕಣೆಗೆ ಸಬ್ಸಿಡಿ ಕೊಡುವ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆ 2020ರಿಂದ ನಡೆಯುತ್ತಿದೆ. ಕೆರೆ ತೋಡಲು, ಟ್ಯಾಂಕಿ ಕಟ್ಟಲು ಹಣ ಕೊಡುವಾಗ ಕೇಳಬೇಕಾದ ಮೊದಲ ಪ್ರಶ್ನೆ, ‘ನಿಮ್ಮ ಕೆರೆ 2018ರ ನೆರೆಯ ಗುರುತಿಗಿಂತ ಮೇಲೆ ಇದೆಯಾ, ಕೆಳಗೆ ಇದೆಯಾ?’ ಎಂದು. ಆರ್‌ಟಿಸಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಜತೆಗೆ ಇದೂ ಒಂದು ಕಾಗದ ಆಗಲಿ.

ಪಯಸ್ವಿನಿ ಗಡಿ ದಾಟಿದ ಮೇಲೆ ಚಂದ್ರಗಿರಿ ಎಂಬ ಹೆಸರಿನಲ್ಲಿ ಕಾಸರಗೋಡಿಗೆ ಹೋಗುತ್ತದೆ. ಮೈಮೇಲೆ ಕೆಂಪು ಗೆರೆ ಇರುವ, ‘ಮಿಸ್ ಕೇರಳ’ ಎಂದು ಹೆಸರಾದ ಪುಟ್ಟ ಮೀನು ಇರುವ ಹೊಳೆಗಳಲ್ಲಿ ಚಂದ್ರಗಿರಿಯೂ ಒಂದು. ಅಳಿವಿನ ಅಪಾಯದಲ್ಲಿರುವ ಮೀನು ಅದು. ಸುಳ್ಯದಲ್ಲಿ ಯಾರೋ ಒಬ್ಬರು ಬೇಸರ ಬಂದು ತಮ್ಮ ಅಕ್ವೇರಿಯಂ ಹೊಳೆಗೆ ಖಾಲಿ ಮಾಡಿದರೆ ಅದರ ಬೆಲೆ ಕೊಡುವವರು ಇನ್ನೊಂದು ರಾಜ್ಯದವರು. ಕುಮಾರಧಾರೆ ಹುಟ್ಟುವ ಪುಷ್ಪಗಿರಿ 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ 39 ತಾಣಗಳಲ್ಲಿ ಒಂದು. ತಲೆಗೆ ಕಿರೀಟ ಇಟ್ಟು, ಕಾಲಿಗೆ ಕೊಡಲಿ ಹಾಕಿದ ಹಾಗಾಗಬಾರದು.

‘ಆದರೆ...’ ಎನ್ನುವವರಿಗೆ

ಒಂದು: ‘ಅಡಿಕೆಗೆ ರೋಗ, ಕೃಷಿಕನಿಗೆ ನಾಲ್ಕು ಕಾಸು ಮೀನಿನಿಂದ ಬಂದರೆ ನಿಮಗೇನು?’ ಏನೂ ಇಲ್ಲ, ಬರಲಿ. ನೆರೆ ಮುಟ್ಟದ ಜಾಗದಲ್ಲಿ, ಗಟ್ಟಿ ಒಡ್ಡು ಇರುವ ಕೆರೆಯಲ್ಲಿ, ನೀರು ಹೊರಹೋಗುವ ಕಂಡಿಗೆ ಬಲೆ ಕಟ್ಟಿ ಸಾಕಿ. ವಿರೋಧ ಕೆರೆಯ ಮೀನಿಗಲ್ಲ, ಹೊಳೆಗೆ ಬೀಳುವ ಮೀನಿಗೆ.

ಎರಡು: ‘ಹೊಳೆಯಲ್ಲಿ ತಿಲಾಪಿಯ ಆದರೂ ಇರಲಿ, ತಿನ್ನಲು ಸಿಗುತ್ತದಲ್ಲ?’ ಸಿಗುತ್ತದೆ. ಅದೊಂದೇ ಸಿಗುತ್ತದೆ. ಹತ್ತಾರು ಬಗೆಯ ಮೀನು, ಪ್ರತಿಯೊಂದಕ್ಕೂ ಬೇರೆ ಕಾಲ, ಬೇರೆ ರುಚಿ ಇದ್ದ ಹೊಳೆಯಲ್ಲಿ ವರ್ಷವಿಡೀ ಒಂದೇ ಮೀನು. ಊರಿನ ಎಲ್ಲ ಗದ್ದೆಯೂ ಒಂದೇ ಬೆಳೆಯ ತೋಟವಾದ ಮೇಲೆ ಒಂದು ರೋಗ ಬಂದರೆ ಏನಾಗುತ್ತದೆ ಎಂದು ನಮ್ಮ ಮೂರು ತಾಲೂಕಿನವರಿಗೆ ಬೇರೆ ಹೇಳಬೇಕಾ?

ಮೂರು: ‘ಡೆಂಗ್ಯೂ ಬರುತ್ತದೆ, ಸೊಳ್ಳೆ ಮರಿ ತಿನ್ನುವ ಮೀನು ಬಿಡಬೇಡವಾ?’ ಮನೆಯ ಸಿಮೆಂಟ್ ತೊಟ್ಟಿಗೆ, ಹೊರಗೆ ಹರಿಯದ ಟ್ಯಾಂಕಿಗೆ ಹಾಕಿ. ತೋಡಿಗೆ, ಹೊಳೆಗೆ ಗಂಬೂಸಿಯ, ಗಪ್ಪಿ ಬಿಡಬೇಡಿ. ಗಂಬೂಸಿಯ ಸೊಳ್ಳೆ ಮರಿಯ ಜತೆಗೆ ಕಪ್ಪೆಯ ಮರಿಯನ್ನೂ, ಬೇರೆ ಮೀನಿನ ಮೊಟ್ಟೆಯನ್ನೂ ತಿನ್ನುತ್ತದೆ. ತಲೆಯ ಮೇಲೆ ಬಿಳಿ ಚುಕ್ಕಿ ಹೊಳೆಯುವ, ನೀರಿನ ಮೇಲ್ಮೈಯಲ್ಲೇ ಓಡಾಡುವ ಒಂದು ಪುಟ್ಟ ಮೀನು ನಮ್ಮ ತೋಡುಗಳಲ್ಲಿ ಮೊದಲಿನಿಂದಲೂ ಇದೆ. ಮಲಯಾಳದವರು ಮಾನತ್ತುಕಣ್ಣಿ ಎನ್ನುತ್ತಾರೆ, ಆಕಾಶ ನೋಡುವ ಕಣ್ಣಿನದ್ದು. ಸೊಳ್ಳೆ ಮರಿ ತಿನ್ನುವ ಕೆಲಸ ಅದಕ್ಕೆ ಯಾರೂ ಕಲಿಸಬೇಕಾಗಿಲ್ಲ.

ನಾಲ್ಕು: ‘ತೋಟೆ ಸಿಡಿಸುವವರು, ವಿಷ ಹಾಕುವವರು, ಮರಳು ತೆಗೆಯುವವರು ಇರುವಾಗ ಮೀನು ಬಿಡುವವರನ್ನು ಯಾಕೆ ಬೈಯುವುದು?’ ಅವರನ್ನೂ ಬೈಯಬೇಕು, ಕೇಸೂ ಹಾಕಬೇಕು. ಆದರೆ ಒಂದು ವ್ಯತ್ಯಾಸ ನೋಡಿ. 1996ರಲ್ಲಿ ಶಿಶಿಲದ ದೇವರ ಮೀನುಗಳಿಗೆ ವಿಷ ಹಾಕಿದಾಗ ಸತ್ತ ಮೀನು ತೇಲಿತು. ಜನ ನೋಡಿದರು, ಅತ್ತರು, ಮೀನುಗಳಿಗೆ ಸ್ಮಾರಕವನ್ನೇ ಕಟ್ಟಿದರು. ವಿಷ ಹರಿದುಹೋಯಿತು, ಉಳಿದ ಮೀನಿನಿಂದ ಹೊಳೆ ಮತ್ತೆ ತುಂಬಿತು. ಹೊರಗಿನ ಮೀನು ಬಿಟ್ಟಾಗ ಯಾವುದೂ ತೇಲುವುದಿಲ್ಲ, ಯಾರೂ ಅಳುವುದಿಲ್ಲ. ವಿಷ ಒಂದು ದಿನದ್ದು. ಈ ಮೀನು ಮರಿ ಹಾಕುತ್ತದೆ.

ಇನ್ನು ಮಾಡಬೇಕಾದ್ದು

ಮೊದಲನೆಯದು, ಪಂಚಾಯತ್. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯತಿನಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಜೀವಿಗಳ ದಾಖಲೆ ಪುಸ್ತಕ ಇರಬೇಕು. 2020ರ ಜನವರಿ 31ರೊಳಗೆ ಪುಸ್ತಕ ಮುಗಿಸದ ರಾಜ್ಯಗಳಿಗೆ ತಿಂಗಳಿಗೆ 10 ಲಕ್ಷ ರೂಪಾಯಿ ದಂಡ ಎಂದು ಹಸಿರು ನ್ಯಾಯಮಂಡಳಿ ಗಡುವು ಹಾಕಿತ್ತು. ಗಡುವಿಗೆ ಬರೆದ ಪುಸ್ತಕ ಹೇಗಿರುತ್ತದೆ ಎಂದು ಗೊತ್ತಲ್ಲ. ಮುಂದಿನ ಗ್ರಾಮಸಭೆಯಲ್ಲಿ ಕೈ ಎತ್ತಿ ಕೇಳಿ: ‘ನಮ್ಮ ಊರಿನ ಪುಸ್ತಕದ ಮೀನಿನ ಪುಟ ತೋರಿಸಿ.’ ಪುಟ ಖಾಲಿ ಇದ್ದರೆ ತುಂಬಿಸುವವರು ಇಲ್ಲೇ ಇದ್ದಾರೆ. ಗಾಳ ಹಾಕುವ ಹುಡುಗರು, ಬಲೆ ಹೆಣೆಯುವ ಅಜ್ಜಂದಿರು, ಮುಗುಡು, ಮಡೆಂಜಿ ಸಾರು ಮಾಡಿ ಗೊತ್ತಿರುವ ಅಮ್ಮಂದಿರು. ತುಳು, ಅರೆಭಾಷೆ, ಬ್ಯಾರಿ, ಮಲಯಾಳ, ಯಾವ ಭಾಷೆಯಲ್ಲಿ ಹೆಸರಿದೆಯೋ ಅದರಲ್ಲೇ ಬರೆಯಿರಿ. ಪಕ್ಕದಲ್ಲಿ ಫೋಟೋ ಅಂಟಿಸಿ.

ಎರಡನೆಯದು, ನಿರ್ಣಯ. ‘ನಮ್ಮ ಗ್ರಾಮದ ಹೊಳೆ, ತೋಡಿಗೆ ಆ ಹೊಳೆಯದ್ದೇ ಅಲ್ಲದ ಯಾವ ಮೀನನ್ನೂ ಯಾರೂ ಬಿಡಬಾರದು. ಇಲಾಖೆ ಬಿಡುವುದಾದರೂ ಜಾತಿಯ ಹೆಸರು, ಮರಿ ಎಲ್ಲಿಂದ ಬಂತು ಎಂಬ ವಿವರವನ್ನು ಮೊದಲು ಗ್ರಾಮಸಭೆಗೆ ಕೊಡಬೇಕು.’ ಎರಡೇ ವಾಕ್ಯ. ಇದನ್ನು ಕಾಪಿ ಮಾಡಿಕೊಳ್ಳಿ.

ಮೂರನೆಯದು, ಮೀನು ಸಾಕುವವರು. ಹೊಳೆಬದಿಯ ಕೆರೆಯ ಮೀನನ್ನು ಪತ್ತನಾಜೆಯ ಮೊದಲು ಹಿಡಿದು ಮಾರಿ ಮುಗಿಸಿ. ಮೇಳದವರು ಗೆಜ್ಜೆ ಬಿಚ್ಚುವ ದಿನದೊಳಗೆ ಕೆರೆಯೂ ಖಾಲಿ. ಆಮೇಲೆ ಮಳೆ ಯಾವ ದಿನ ಬಂದರೂ ಹೊಳೆಗೆ ಹೋಗಲು ಅದರಲ್ಲಿ ಏನೂ ಇರುವುದಿಲ್ಲ. ಆಫ್ರಿಕನ್ ಕ್ಯಾಟ್‌ಫಿಶ್ ಮರಿ ಯಾರು ತಂದರೂ ತೆಗೆದುಕೊಳ್ಳಬೇಡಿ.

ನಾಲ್ಕನೆಯದು, ಅಣೆಕಟ್ಟಿನ ಹಲಗೆ. ತೆಗೆಯುವ ದಿನವನ್ನು ಕ್ಯಾಲೆಂಡರ್ ನೋಡಿ ಅಲ್ಲ, ಮಳೆ ನೋಡಿ ನಿರ್ಧರಿಸಲಿ. ಹೊಸದಾಗಿ ಕಟ್ಟುವಲ್ಲೆಲ್ಲ ಮೀನು ಹತ್ತುವ ದಾರಿ ನಕ್ಷೆಯಲ್ಲೇ ಇರಲಿ.

ಐದನೆಯದು, ಗಾಳ ಹಾಕುವವರು. ತಿಲಾಪಿಯ, ಆಫ್ರಿಕನ್ ಕ್ಯಾಟ್‌ಫಿಶ್ ಸಿಕ್ಕಿದರೆ ‘ಸಣ್ಣದು, ಹೋಗಲಿ’ ಎಂದು ವಾಪಸ್ ಬಿಡಬೇಡಿ. ದಯೆ ತೋರಿಸಬೇಕಾದ ಜಾಗ ಅದಲ್ಲ. ಫೋಟೋ ತೆಗೆದು, ಸಿಕ್ಕಿದ ಜಾಗ, ದಿನ ಬರೆದು ಪಂಚಾಯತ್ ಸಮಿತಿಗೆ ಕಳುಹಿಸಿ, ಆಮೇಲೆ ಸಾರು ಮಾಡಿ. ಮೊಟ್ಟೆ ತುಂಬಿ ಹತ್ತುವ ಹೊಳೆಯ ಮೀನು ಸಿಕ್ಕಿದರೆ ಮಾತ್ರ ಒಂದು ಪಾಲು ಬಿಟ್ಟು ಹಿಡಿಯಿರಿ.

ಕುಮಾರಧಾರೆ, ನೇತ್ರಾವತಿ ಉಪ್ಪಿನಂಗಡಿಯಲ್ಲಿ ಸೇರುತ್ತವೆ. ಕಡಬದಲ್ಲಿ ಬಿಟ್ಟದ್ದು ಅಲ್ಲಿಗೆ ಬರುತ್ತದೆ, ಅಲ್ಲಿಂದ ಕಡಲಿನವರೆಗೆ ಹೋಗುತ್ತದೆ, ಈಜಲು ಬಲ್ಲದ್ದಾದರೆ ಮೇಲಕ್ಕೂ ಹತ್ತುತ್ತದೆ. ಒಂದು ಊರು ಬಿಟ್ಟ ಮೀನನ್ನು ಇನ್ನೊಂದು ಊರು ಹಿಡಿದು ಮುಗಿಸಲು ಆಗುವುದಿಲ್ಲ. ಹಾಗಾಗಿ ಹೊಳೆ ಉದ್ದಕ್ಕೂ ಇರುವ ಎಲ್ಲ ಪಂಚಾಯತುಗಳೂ ಈ ಮಳೆಗಾಲಕ್ಕೆ ಮೊದಲು ಆ ಎರಡು ವಾಕ್ಯದ ನಿರ್ಣಯ ಮಾಡಲಿ. ಬಕೆಟ್ ಹಿಡಿದು ಫೋಟೋಕ್ಕೆ ನಿಲ್ಲುವವರು ನಮ್ಮ ಊರಿಗೂ ಬರಬಹುದು. ಬಂದರೆ ಮರ್ಯಾದೆಯಿಂದ ಕೂರಿಸಿ, ಬೆಲ್ಲ ನೀರು ಕೊಡಿ. ಆಮೇಲೆ ಬಕೆಟಿನ ಮುಚ್ಚಳ ತೆಗೆಯಿಸಿ ನೋಡಿ.